ಕಡಲಾಚೆಯ ವಿದ್ಯಾರ್ಥಿಗಳೂ ನಮ್ಮ ಮಕ್ಕಳ ಸೀಟೂ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಿಶ್ವವಿದ್ಯಾನಿಲಯಗಳು ಪರದೇಶದ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಸೇರಿಸಿಕೊಳ್ಳಬೇಕೆಂಬುದು ಸರ್ಕಾರದ ಇಚ್ಛೆ. 2018ರಲ್ಲಿ ಇದಕ್ಕಾಗಿಯೇ ‘ಸ್ಟಡಿ ಇನ್ ಇಂಡಿಯಾ’ ಎಂಬ ಯೋಜನೆ ಹೊರಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಈ ಮಾತು ಬಂದಿದೆ. ಇದೆಲ್ಲ ದೊಡ್ಡವರ ವಿಷಯ, ಸಾಂಬಾರು ಕುದಿಸುವ, ಮೇಜು ಒರೆಸುವ ನಮಗೇಕೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ನಮಗೆ ಇದು ಬೇಕಾದ ವಿಷಯವೇ. ಪೆರಂಬೂರಿನ ಬಕಿಂಗ್‌ಹ್ಯಾಂ–ಕರ್ನಾಟಿಕ್ ಮಿಲ್ಲು 1996ರಲ್ಲಿ ಮುಚ್ಚಿತು. ಅಪ್ಪ ಮಗ್ಗದ ಮುಂದೆ ನಿಂತಿದ್ದರೆ ಮಗನೂ ಅದೇ ಗೇಟಿನಲ್ಲಿ ಒಳಗೆ ಹೋದಾನು ಎಂಬ ಕಾಲ ಅಲ್ಲಿಗೆ ಮುಗಿಯಿತು. ಹೋಟೆಲಿನಲ್ಲಿ ಮಾಣಿಯಾಗಿ ಸೇರಿ ಕೊನೆಗೆ ಗಲ್ಲಾದಲ್ಲಿ ಕೂತವರ ಕಥೆಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಮಕ್ಕಳನ್ನು ಮಾತ್ರ ಮಾಣಿ ಮಾಡಲು ನಮ್ಮಲ್ಲಿ ಒಬ್ಬರಿಗೂ ಮನಸ್ಸಿಲ್ಲ. ಉಳಿದಿರುವ ದಾರಿ ಕಾಲೇಜು. ಆ ಬಾಗಿಲಿಗೆ ಇನ್ನೊಬ್ಬ ಬರುತ್ತಾನೆಂದರೆ, ಅವನು ಯಾರು, ಬಂದರೆ ನಮಗೇನಾಗುತ್ತದೆ ಎಂದು ನಾವು ವಿಚಾರಿಸಲೇಬೇಕು.

ಮೊದಲು ಒಂದು ಹಳೆಯ ಸಂಗತಿ. ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿದ್ದು 1857ರಲ್ಲಿ. ಅದರ ಮೊಟ್ಟಮೊದಲ ಬಿ.ಎ. ಪದವೀಧರರು ಮೈಲಾಪುರದವರಲ್ಲ, ಜಾರ್ಜ್ ಟೌನಿನವರೂ ಅಲ್ಲ. ಕಡಲು ದಾಟಿ ಸಿಂಹಳದ ಜಾಫ್ನಾದಿಂದ ಬಂದ ಇಬ್ಬರು, ದಾಮೋದರಂ ಪಿಳ್ಳೆ ಮತ್ತು ವಿಶ್ವನಾಥ ಪಿಳ್ಳೆ. ಈ ದಾಮೋದರಂ ಪಿಳ್ಳೆಯವರೇ ಮುಂದೆ ಓಲೆಗರಿಗಳಲ್ಲಿ ಹುಳು ತಿನ್ನುತ್ತಿದ್ದ ಹಳೆಯ ತಮಿಳು ಗ್ರಂಥಗಳನ್ನು ಹುಡುಕಿ ಅಚ್ಚು ಹಾಕಿಸಿದವರಲ್ಲಿ ಒಬ್ಬರು. ಹೊರಗಿನಿಂದ ಬಂದ ವಿದ್ಯಾರ್ಥಿ ಈ ನಾಡಿಗೆ ಏನು ಕೊಟ್ಟನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕನ್ನಡಿಗರಾದ ನಮಗೂ ಇಂಥ ಸಾಲವುಂಟು. ಜರ್ಮನಿಯಿಂದ ಬಂದ ಕಿಟ್ಟೆಲರು ವಿದ್ಯಾರ್ಥಿಯಾಗಿ ಬಂದವರಲ್ಲ, ಪಾದ್ರಿಯಾಗಿ ಬಂದವರು. ಆದರೂ ನಮ್ಮ ಪಂಡಿತರ ಮುಂದೆ ಕೂತು ಕಲಿತು 1894ರಲ್ಲಿ ನಿಘಂಟು ಕೊಟ್ಟರು. ಅದನ್ನೇ ಮರಿಯಪ್ಪ ಭಟ್ಟರು ತಿದ್ದಿ ಬೆಳೆಸಿದಾಗ ಪ್ರಕಟಿಸಿದ್ದು ಇದೇ ಮದರಾಸು ವಿಶ್ವವಿದ್ಯಾನಿಲಯ.

ಇನ್ನು ನಾವು? 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಗುವವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಹುಡುಗರೂ ಮದರಾಸಿನ ಪದವಿಯನ್ನೇ ಪಡೆಯಬೇಕಾಗಿತ್ತು. ಬೇರೆ ಅರಸನ ಸೀಮೆಯವರೆಂದು ಮದರಾಸು ಅವರನ್ನು ತಳ್ಳಲಿಲ್ಲ. ಹೀಗಿರುವಾಗ ಹೊರಗಿನವನು ಬರಬಾರದು ಎಂಬ ಕೂಗಿಗೆ ನಾವು ದನಿಗೂಡಿಸಿದರೆ ಚೆನ್ನಾಗಿರುವುದಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಒಪ್ಪಬೇಕೆಂದೂ ಅಲ್ಲ. ಲೆಕ್ಕ ನೋಡೋಣ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಓದುತ್ತಿದ್ದ ಪರದೇಶಿ ವಿದ್ಯಾರ್ಥಿಗಳು 46,878. ಇವರಲ್ಲಿ ನೂರಕ್ಕೆ 28 ಮಂದಿ ನಮ್ಮ ನೆರೆಯ ನೇಪಾಳದವರು. ಅದೇ ವರ್ಷ ದೇಶದ ಒಟ್ಟು ಕಾಲೇಜು ವಿದ್ಯಾರ್ಥಿಗಳು ಸುಮಾರು 4 ಕೋಟಿ 33 ಲಕ್ಷ. ಅಂದರೆ ಸಾವಿರ ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬ. ಈ ಒಬ್ಬನಿಂದ ನಮ್ಮ ಮಕ್ಕಳ ಸೀಟು ಹೋಯಿತೆಂದು ಹೇಳುವವರು ಉಳಿದ ಕಾರಣಗಳನ್ನು ನೋಡಲು ಇಷ್ಟಪಡದವರು.

ನಿಯಮವೂ ಹಾಗೆ ಹೇಳುವುದಿಲ್ಲ. 2022ರ ಯು.ಜಿ.ಸಿ. ಮಾರ್ಗಸೂಚಿಯಂತೆ, ಪರದೇಶದವರಿಗಾಗಿ ಮಂಜೂರಾದ ಸೀಟುಗಳ ಮೇಲೆ ನೂರಕ್ಕೆ 25ರವರೆಗೆ ಹೆಚ್ಚುವರಿ ಸೀಟು ಸೃಷ್ಟಿಸಬಹುದು. ನೂರು ಸೀಟಿನ ತರಗತಿಗೆ ಇನ್ನೂ ಇಪ್ಪತ್ತೈದು. ನಮ್ಮ ನೂರು ನೂರಾಗಿಯೇ ಇರಬೇಕು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳ ಹಿಂದಿನಿಂದಲೂ ನೂರಕ್ಕೆ 15ರಂತೆ ಹೆಚ್ಚುವರಿ ಸೀಟುಗಳಿದ್ದು, ಅದರಲ್ಲಿ ಮೂರನೆಯ ಒಂದು ಪಾಲು ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆಂದು ಮೀಸಲಾಗಿತ್ತು. ನಮ್ಮವರೇ ಎಷ್ಟೋ ಮಂದಿ ದುಬೈ, ಮಸ್ಕತ್ತಿನ ಹೋಟೆಲುಗಳಲ್ಲಿದ್ದಾರೆ. ಅಂಥ ಮನೆಯವರು ಸೀಟಿಗೆ ಅರ್ಜಿ ಹಾಕುವ ಮೊದಲು ಕಾಲೇಜಿನಲ್ಲಿ ಈ ಪಾಲಿನ ಬಗ್ಗೆ ಕೇಳಿ ನೋಡಬೇಕು.

ಹಾಗಾದರೆ ತೊಡಕು ಎಲ್ಲಿ? ಅದು ಹೋಟೆಲಿನವರಾದ ನಮಗೆ ಬೇಗ ಅರ್ಥವಾಗುವ ವಿಷಯ. ಪಂಕ್ತಿಯಲ್ಲಿ ನೂರು ಎಲೆ ಇರುವಲ್ಲಿ ಇನ್ನೂ ಇಪ್ಪತ್ತೈದು ಎಲೆ ಹಾಕುವುದು ಸುಲಭ. ಎಲೆ ಹಾಕಿದ ಮೇಲೆ ಅಷ್ಟಕ್ಕೂ ಅನ್ನ ಬೆಂದಿರಬೇಕು, ಬಡಿಸುವ ಕೈಗಳಿರಬೇಕು, ನೀರು ಇರಬೇಕು. ಇಲ್ಲವಾದರೆ ಎಲೆ ನಮ್ಮದೇ ಆದರೂ ಸಾರು ನಮ್ಮವರೆಗೆ ಬರುವುದಿಲ್ಲ. ಸೀಟು ಕಾಗದದ ಮೇಲೆ ಹೆಚ್ಚುತ್ತದೆ. ಪಾಠ ಹೇಳುವ ಮೇಷ್ಟರು, ಪ್ರಯೋಗಶಾಲೆಯ ಮೇಜು, ಹಾಸ್ಟೆಲಿನ ಕೋಣೆ ಕಾಗದದ ಮೇಲೆ ಹೆಚ್ಚುವುದಿಲ್ಲ. ಎಷ್ಟೋ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಇದ್ದ ಮೇಷ್ಟರು ನಿವೃತ್ತರಾದ ಜಾಗಗಳೇ ತುಂಬಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಬ್ಯಾಂಕ್ ಖಾತೆಗಳನ್ನು 2024ರಲ್ಲಿ ಆದಾಯ ತೆರಿಗೆ ಇಲಾಖೆ ತಡೆಹಿಡಿದ ಸಂಗತಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೀಗೆ ಕೈ ಬರಿದಾದ ಸಂಸ್ಥೆಗಳಿಗೆ, ಹೆಚ್ಚು ಶುಲ್ಕ ಕೊಡುವ ಪರದೇಶಿ ವಿದ್ಯಾರ್ಥಿ ಹಬ್ಬದ ದಿನದ ಗಿರಾಕಿಯಂತೆ ಕಾಣುವುದು ಸಹಜ. ಗಿರಾಕಿ ಬರಲಿ. ಆದರೆ ಆ ಹಣ ಅಡುಗೆಮನೆಗೆ ಹೋಗುತ್ತದೆಯೋ, ಮುಂಬಾಗಿಲಿಗೆ ಬಣ್ಣ ಬಳಿಯಲು ಹೋಗುತ್ತದೆಯೋ? ನಾವು ಕೇಳಬೇಕಾದ ಮಾತು ಅದು.

ನಮ್ಮಲ್ಲಿ ಉಡುಪಿ ಕಡೆಯವರಿಗೆ ಮಣಿಪಾಲದ ಉದಾಹರಣೆ ಗೊತ್ತೇ ಇದೆ. ಬೋಳು ಗುಡ್ಡದ ಮೇಲೆ ಡಾಕ್ಟರ್ ಟಿ.ಎಂ.ಎ. ಪೈಗಳು 1953ರಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜು ತೆರೆದರು. 1997ರಲ್ಲಿ ಮಲಯೇಶಿಯದ ಹುಡುಗರಿಗಾಗಿಯೇ ಮೆಲಕಾ ಮಣಿಪಾಲ ಕಾಲೇಜು ಆಯಿತು. ಅರ್ಧ ಓದು ಮಣಿಪಾಲದಲ್ಲಿ, ಅರ್ಧ ಅವರ ದೇಶದಲ್ಲಿ. ಗುಡ್ಡ ಪಟ್ಟಣವಾಯಿತು. ಊರಿನವರಿಗೆ ಕೆಲಸ ಸಿಕ್ಕಿತು, ಆಸ್ಪತ್ರೆ ಸಿಕ್ಕಿತು. ಜೊತೆಗೆ ಬಾಡಿಗೆಯೂ ನೆಲದ ಬೆಲೆಯೂ ಏರಿದವು. ಊರಿನ ಬಡವನ ಮಗನಿಗೆ ಅಲ್ಲಿ ಡಾಕ್ಟರ್ ಓದು ಕಣ್ಣಿಗೆ ಹತ್ತಿರ, ಕೈಗೆ ದೂರ. ಎರಡು ಮಾತೂ ನಿಜ.

ಈಗ ಇನ್ನೊಂದು ಕಡೆಯಿಂದ ನೋಡಿ. 2023–24ರಲ್ಲಿ ಅಮೆರಿಕಾ ಒಂದರಲ್ಲೇ ಓದುತ್ತಿದ್ದ ಭಾರತೀಯರು 3,31,602. ಕೆನಡಾ ದೇಶ ಶುಲ್ಕದ ಆಸೆಗೆ ಲಕ್ಷಗಟ್ಟಲೆ ಮಕ್ಕಳನ್ನು ಕರೆಸಿಕೊಂಡು, ಮನೆ ಬಾಡಿಗೆ ಏರಿ ಜನ ಗೊಣಗಿದಾಗ 2024ರ ಜನವರಿಯಲ್ಲಿ ಸಂಖ್ಯೆಗೆ ಮಿತಿ ಹಾಕಿತು. ಆ ಊರುಗಳ ಹೋಟೆಲುಗಳ ಅಡುಗೆಮನೆಯಲ್ಲಿ ಓದಿನ ನಡುವೆ ಪಾತ್ರೆ ತೊಳೆಯುವವರಲ್ಲಿ ನಮ್ಮ ದೇಶದ ಮಕ್ಕಳಿದ್ದಾರೆ. ತರಗತಿ ನಡೆಯುವಾಗ ವಾರಕ್ಕೆ ಇಷ್ಟೇ ಗಂಟೆ ದುಡಿಯಬಹುದೆಂದು ಕಾನೂನು ಇದೆ. ಮೊದಲು ಕರೆದು, ಆಮೇಲೆ ಬೆಲೆಯೇರಿಕೆಗೆಲ್ಲ ಅವರೇ ಕಾರಣವೆಂದರೆ ಅದು ಅನ್ಯಾಯವಲ್ಲವೆ? ನಮ್ಮಲ್ಲಿಗೆ ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಸಾಮಾನ್ಯವಾಗಿ ಕೆಲಸಕ್ಕೆ ಸೇರುವಂತೆಯೇ ಇಲ್ಲ. ಆದ್ದರಿಂದ ಅವರು ನಮ್ಮ ಕೆಲಸ ಕಸಿಯುತ್ತಾರೆಂಬ ಭಯಕ್ಕೆ ಬುಡವಿಲ್ಲ. ಅವರು ಇಲ್ಲಿ ಖರ್ಚು ಮಾಡುವವರು, ನಮ್ಮ ಮೇಜಿನಲ್ಲಿ ಕೂತು ಉಣ್ಣುವವರು.

ಆದರೂ ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಕಡೆ ಒಬ್ಬ ಸುಡಾನಿನ ವಿದ್ಯಾರ್ಥಿಯ ಕಾರಿಗೆ ಸಿಕ್ಕಿ ಹೆಂಗಸೊಬ್ಬಳು ಸತ್ತಳು. ಆಮೇಲೆ ಅದೇ ದಾರಿಯಲ್ಲಿ ಬಂದ, ಅದಕ್ಕೆ ಏನೂ ಸಂಬಂಧವಿಲ್ಲದ ತಾಂಜಾನಿಯಾದ ಹುಡುಗಿಯನ್ನು ಗುಂಪು ಹೊಡೆದು ಅವಮಾನ ಮಾಡಿ, ಕಾರು ಸುಟ್ಟಿತು. ಚರ್ಮ ಕಪ್ಪು ಎಂಬುದೇ ಅವಳ ತಪ್ಪು. ಅದು ನಮ್ಮ ಕನ್ನಡ ನಾಡಿನಲ್ಲಿ ಆಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ತಾಂಜಾನಿಯಾದ ಜಾಂಜಿಬಾರಿನಲ್ಲಿಯೇ ನಮ್ಮ ಚೆನ್ನೈನ ಐ.ಐ.ಟಿ. 2023ರಲ್ಲಿ ತನ್ನ ಶಾಖೆ ತೆರೆದು ಅವರ ಮಕ್ಕಳಿಗೆ ಪಾಠ ಹೇಳುತ್ತಿದೆ. ಮಲಾವಿ ದೇಶದ ಅಧ್ಯಕ್ಷರಾಗಿದ್ದ ಬಿಂಗು ಮುಥರಿಕಾ ದೆಹಲಿಯಲ್ಲಿ ಓದಿದವರು, ಅಫಘಾನಿಸ್ತಾನದ ಅಧ್ಯಕ್ಷರಾಗಿದ್ದ ಕರ್ಜಾಯಿ ಶಿಮ್ಲಾದಲ್ಲಿ ಓದಿದವರು. ಇಂದು ನಮ್ಮ ಹೋಟೆಲಿನಲ್ಲಿ ಇಡ್ಲಿಗೆ ಸಕ್ಕರೆ ಕೇಳುವ ಹುಡುಗ ನಾಳೆ ಏನಾಗುವನೋ ಯಾರು ಬಲ್ಲರು! ಏನೂ ಆಗದಿದ್ದರೂ ಸರಿಯೇ, ಅವನು ದುಡ್ಡು ಕೊಟ್ಟು ಉಣ್ಣಲು ಬಂದವನು.

ಆದ್ದರಿಂದ ನಮ್ಮ ಸಂಘ ಎರಡು ಬೇಡಿಕೆಗಳನ್ನು ಬರೆದು ಕಳಿಸಬೇಕೆಂದು ನಮ್ಮ ಸೂಚನೆ. ಹೆಚ್ಚುವರಿ ಸೀಟಿನಿಂದ ಬಂದ ಶುಲ್ಕ ಎಷ್ಟು, ಅದರಲ್ಲಿ ಮೇಷ್ಟರ ನೇಮಕಕ್ಕೂ ಹಾಸ್ಟೆಲಿಗೂ ಹೋದದ್ದೆಷ್ಟು ಎಂಬುದನ್ನು ವಿಶ್ವವಿದ್ಯಾನಿಲಯಗಳು ವರ್ಷಕ್ಕೊಮ್ಮೆ ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ಆ ಹಣದಲ್ಲಿ ಒಂದು ಭಾಗವನ್ನು ಕೂಲಿಕಾರರ ಮಕ್ಕಳ ಶುಲ್ಕ ರಿಯಾಯಿತಿಗೆ ತೆಗೆದಿಡಬೇಕು.

ಲಾಡ್ಜುಗಳಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರಿಗೆ ಒಂದು ಮಾತು. ಪರದೇಶದವರು ಬಂದಿಳಿದರೆ 24 ಗಂಟೆಯೊಳಗೆ ನಿಗದಿತ ಫಾರಂ ತುಂಬಿ ಕಳಿಸಬೇಕೆಂಬುದು ನಿಮಗೆ ಗೊತ್ತು. ಮನೆಯ ಮಹಡಿಯ ಕೋಣೆಯನ್ನು ಪರದೇಶದ ವಿದ್ಯಾರ್ಥಿಗೆ ಬಾಡಿಗೆಗೆ ಕೊಟ್ಟವರಿಗೂ ಈ ನಿಯಮ ಉಂಟು. ಇದು ಬಹಳ ಮಂದಿಗೆ ತಿಳಿಯದು. ಫಾರಂ ತುಂಬಲು ಬಾರದವರು ಭಾನುವಾರ ಸಂಘದ ಕಛೇರಿಗೆ ಬಂದರೆ ಓದಿದ ನಮ್ಮ ಹುಡುಗರು ತುಂಬಿ ಕೊಡುತ್ತಾರೆ. ಬಾಡಿಗೆಯನ್ನು ಮಾತ್ರ ಊರವರಿಗೆ ಎಷ್ಟೋ ಅವರಿಗೂ ಅಷ್ಟೇ ಇಡಿ.