ಆತ್ಮರಕ್ಷಣೆಯ ಶಿಕ್ಷಣ

ಆತ್ಮರಕ್ಷಣೆಯೆಂದೊಡನೆ ನಾವು ನೆನೆಯುವುದು ಗರಡಿಯ ಕೆಮ್ಮಣ್ಣನ್ನು, ಪಟ್ಟು ವರಸೆಗಳನ್ನು, ಕತ್ತಲಲ್ಲಿ ಮೇಲೆ ಬೀಳುವ ಅಪರಿಚಿತನನ್ನು. ಆದರೆ ಹೆಣ್ಣುಮಕ್ಕಳಿಗೆ ಬಲಾತ್ಕಾರದ ಭಯವು ಬಹುಮಟ್ಟಿಗೆ ಪರಿಚಿತರಿಂದಲೇ ಒದಗತಕ್ಕದ್ದು. ಅವರ ಮುಂದೆ ಕೈಯಿರಲಿ, ನಾಲಗೆಯೇ ಏಳದು. ದಾಕ್ಷಿಣ್ಯವು ಅದನ್ನು ಕಟ್ಟಿಹಾಕುತ್ತದೆ.

ಕೆನಡಾ ದೇಶದ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಶಾರ್ಲೀನ್ ಸೆನ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ನಡೆಸಿದ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಮೊದಲ ವರ್ಷದ 893 ವಿದ್ಯಾರ್ಥಿನಿಯರನ್ನು ಚೀಟಿಯೆತ್ತಿದ ಹಾಗೆ ವಿಂಗಡಿಸಿ, ಒಂದು ಪಂಗಡಕ್ಕೆ 12 ಗಂಟೆಗಳ ಶಿಕ್ಷಣವನ್ನೂ ಇನ್ನೊಂದಕ್ಕೆ ಬರಿಯ ಕರಪತ್ರಗಳನ್ನೂ ಕೊಟ್ಟರು. ಕಾಲೇಜುಗಳಲ್ಲಿ ಕರಪತ್ರಗಳಿಗಾಗುವ ಗತಿಯನ್ನು ನಾವು ಬಲ್ಲೆವು! ಹೊಡೆತ ಒದೆತಗಳು ಆ ಶಿಕ್ಷಣದ ಒಂದಂಶ ಮಾತ್ರ. ಅಪಾಯದ ಸುಳಿವನ್ನು ಮೊದಲೇ ಗುರುತಿಸುವುದು, ಸಂಕೋಚವನ್ನು ಮೀರಿ ಗಟ್ಟಿಯಾಗಿ ‘ಬೇಡ’ ಎನ್ನುವುದು, ಇವೂ ಅಲ್ಲಿ ಅಭ್ಯಾಸದ ವಿಷಯಗಳೇ. ವರ್ಷ ಕಳೆಯುವಷ್ಟರಲ್ಲಿ ಬಲಾತ್ಕಾರಕ್ಕೊಳಗಾದವರು ಕರಪತ್ರದ ಪಂಗಡದಲ್ಲಿ ನೂರಕ್ಕೆ 9.8, ಶಿಕ್ಷಣ ಪಡೆದವರಲ್ಲಿ 5.2. ಬಲಾತ್ಕಾರದ ಯತ್ನಕ್ಕೆ ಸಿಕ್ಕಿದವರೋ 9.3 ಮತ್ತು 3.4. ಎಂದರೆ, ಅನೇಕರ ವಿಷಯದಲ್ಲಿ ಕೈ ಮೀರುವ ಮುನ್ನವೇ ಕೇಡು ತಪ್ಪಿತೆಂದು ನಾವು ಊಹಿಸಬಹುದು.

ಅಪರಾಧಿಯನ್ನು ಬಿಟ್ಟು ಹೆಣ್ಣಿಗೇಕೆ ಪಾಠವೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ತಪ್ಪು ಆಕ್ರಮಿಸಿದವನದೇ ಎಂಬುದು ಆ ಪಾಠದೊಳಗೇ ಸೇರಿತ್ತು. ಹೆಣ್ಣನ್ನು ದೂಷಿಸುವ ಭಾವನೆಯು ಅದನ್ನು ಕಲಿತವರಲ್ಲಿ ಕುಗ್ಗಿದುದು ಎರಡು ವರ್ಷಗಳ ತರುವಾಯವೂ ಕಂಡುಬಂದಿತು.