ಎಲುಬಿನ ಬಲಕ್ಕೆ ಎಚ್ಚರದ ವ್ಯಾಯಾಮ

(ಸಂಘದ ಮಹಿಳಾ ಶಾಖೆಯ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ತಿಂಗಳಲ್ಲಿ ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ನಮ್ಮ ಕಾರ್ಯದರ್ಶಿಗಳು ನನಗೆ ಮಾತ್ರ ಎಲುಬಿನ ವಿಷಯವನ್ನು ಕೊಟ್ಟರು. ಪುಣೆಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ವ್ಯಾಯಾಮ ಚಿಕಿತ್ಸೆಯ ಕೆಲಸ ಮಾಡಿ ನಿವೃತ್ತಳಾದವಳಿಗೆ ಬೇರೆ ಯಾವ ವಿಷಯ ಬಂದೀತು? ಧಾರವಾಡದ ಕಡೆಯವರು ಎಲುಬು ಎನ್ನುತ್ತಾರೆ, ಮೈಸೂರಿನ ಕಡೆಯವರು ಮೂಳೆ ಎನ್ನುತ್ತಾರೆ. ಈ ಸಭೆಯಲ್ಲಿ ಎರಡೂ ಕಡೆಯವರು ಇದ್ದೀರಿ. ಹೆಸರು ಯಾವುದಾದರೇನು, ಮುರಿದಾಗ ಆಗುವ ನೋವು ಒಂದೇ.

ಮೊದಲು ನನ್ನ ತಪ್ಪೊಂದನ್ನು ತಮ್ಮೆದುರು ಒಪ್ಪಿಕೊಳ್ಳಬೇಕು. ನಮ್ಮ ತಂದೆ ತೀರಿಕೊಂಡ ಮೇಲೆ, 2003ರಲ್ಲಿ, ತಾಯಿಯನ್ನು ಗದಗಿನ ಕಡೆಯ ನಮ್ಮ ಹಳ್ಳಿಯಿಂದ ಕೋಥ್ರೂಡಿನ ನಮ್ಮ ಮನೆಗೆ ಕರೆತಂದೆ. ಊರಿನಲ್ಲಿ ಅವಳು ಹಿತ್ತಲ ಬಾವಿಯಿಂದ ನೀರು ಸೇದುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತಿದ್ದಳು. ಇಲ್ಲಿ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಲಿಫ್ಟು. ಮರಾಠಿ ಬಾರದ್ದರಿಂದ ಕೆಳಗಿಳಿದು ನಾಲ್ಕು ಜನರೊಡನೆ ಮಾತನಾಡುವುದಕ್ಕೂ ಅವಳಿಗೆ ನಾಚಿಕೆ. ಮೂರನೆಯ ಮಹಡಿಯ ಕಿಟಕಿಯ ಬಳಿ ಒಂದು ಸೋಫಾ. ಅದೇ ಅವಳ ಊರಾಯಿತು. ಮಗಳಾದ ನಾನು, ಅವ್ವ ಜೀವಮಾನವೆಲ್ಲ ದುಡಿದಿದ್ದಾಳೆ, ಇನ್ನಾದರೂ ಸುಖವಾಗಿ ಕುಳಿತಿರಲಿ ಎಂದು ಹಿಗ್ಗಿದೆ.

ಎರಡು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ತುಂಬಿದ ಬಕೆಟ್ಟನ್ನು ಬಗ್ಗಿ ಎತ್ತುವಾಗ ಅವಳ ಬೆನ್ನಿನಲ್ಲಿ ಏನೋ ಕಟಕ್ಕೆಂದಿತು. ಬೆನ್ನುಹುರಿಯನ್ನು ಕಾಯುವ ಮಣಿಗಳಲ್ಲಿ ಒಂದು ಅಪ್ಪಚ್ಚಿಯಾಗಿತ್ತು. ಪರೀಕ್ಷೆ ಮಾಡಿದ ವೈದ್ಯರು ಆಸ್ಟಿಯೊಪೊರೋಸಿಸ್ ಎಂದರು. ನೋವು ಇಳಿದ ಮೇಲೆ ಮೆಲ್ಲಗೆ ನಡೆದಾಡಿಸಿ, ಕಾಲಿಗೆ ಬಲ ಬರಿಸಿ ಎಂದೂ ಹೇಳಿದರು. ಆಸ್ಪತ್ರೆಯಲ್ಲಿ ನೂರಾರು ರೋಗಿಗಳಿಗೆ ಅದೇ ಮಾತನ್ನು ಹೇಳಿದ್ದ ನಾನು, ಮನೆಯಲ್ಲಿ ಮಾತ್ರ, "ಅವ್ವಾ, ಇನ್ನು ಮೇಲೆ ನೀನು ಏನೂ ಮಾಡಬೇಡ, ಸುಮ್ಮನೆ ಕೂತಿರು" ಎಂದೆ. ಕಲಿತ ವಿದ್ಯೆಗಿಂತ ಮಗಳ ಭಯ ದೊಡ್ಡದಾಯಿತು. ಒಂದು ವರ್ಷ ಕೂತಳು. ತೊಡೆಯ ಮಾಂಸವೆಲ್ಲ ಕರಗಿತು. ಒಂದು ರಾತ್ರಿ ಹಾಸಿಗೆಯಿಂದ ಏಳಹೋದಾಗ ಕಾಲು ತಡೆಯಲಿಲ್ಲ. ಬಿದ್ದು ಸೊಂಟದ ಕೀಲಿನ ಬಳಿ ಎಲುಬು ಮುರಿಯಿತು. ಶಸ್ತ್ರಕ್ರಿಯೆಯಾಯಿತು. ನಾಲ್ಕು ತಿಂಗಳಲ್ಲಿ ಅವಳು ನಮ್ಮನ್ನು ಬಿಟ್ಟು ಹೋದಳು. ಬಕೆಟ್ಟು ಮುರಿದದ್ದು ಒಂದು ಮಣಿಯನ್ನು. ಉಳಿದುದನ್ನು ಮುರಿದದ್ದು ಆ ಸೋಫಾ.

ಆದುದರಿಂದ ನಾನು ಈ ದಿನ ಹೇಳಬೇಕಾದುದು ಒಂದೇ ಮಾತು. ಎಲುಬು ಟೊಳ್ಳಾಗಿದೆ ಎಂದು ತಿಳಿದ ದಿನ ಕುಳಿತುಬಿಡಬೇಡಿ. ಸರಿಯಾದ ರೀತಿಯಲ್ಲಿ, ಆಸರೆ ಹಿಡಿದು, ಎದ್ದು ನಿಲ್ಲಿರಿ.

ಈ ರೋಗವೆಂದರೇನು? ನಮ್ಮಲ್ಲಿ "ಮೊಣಕಾಲು ಸವೆದಿದೆ" ಎನ್ನುತ್ತೇವಲ್ಲ, ಅದು ಬೇರೆ. ಅದು ಕೀಲಿನ ರೋಗ, ದಿನವೂ ನೋಯುತ್ತದೆ. ಇದು ಎಲುಬಿನ ಒಳಗಿನ ಹೆಣಿಗೆ ತೆಳ್ಳಗಾಗುವ ರೋಗ. ಗೆದ್ದಲು ಹಿಡಿದ ತೊಲೆಯಂತೆ ಹೊರಗೆ ಎಲ್ಲ ನೆಟ್ಟಗೆ ಕಾಣುತ್ತದೆ. ಮುರಿಯುವ ತನಕ ಸಾಮಾನ್ಯವಾಗಿ ನೋವಿಲ್ಲ. ವಯಸ್ಸಾದಂತೆ ಎತ್ತರ ಒಂದೂವರೆ ಅಂಗುಲದಷ್ಟು ಕುಗ್ಗುವುದು, ಬೆನ್ನು ಗೂನಾಗುವುದು, ನಿಂತ ನಿಲುವಿನಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿಯುವುದು, ಇವು ಅದರ ಸೂಚನೆಗಳು. ಡೆಕ್ಸಾ ಎಂಬ ಕ್ಷಕಿರಣ ಪರೀಕ್ಷೆಯಿಂದ ಎಲುಬಿನ ಸಾಂದ್ರತೆಯನ್ನು ಅಳೆದು, ಆರೋಗ್ಯವಂತ ತರುಣ ವಯಸ್ಸಿನವರದರೊಡನೆ ಹೋಲಿಸುತ್ತಾರೆ. ಆ ಅಂಕಿ ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿತು.

ಎಲುಬು ಕಲ್ಲಲ್ಲ, ಜೀವವುಳ್ಳ ವಸ್ತು. ಹಳೆಯ ಗೋಡೆಯನ್ನು ಕೆಡಹುವ ಕೂಲಿಗಳೂ ಹೊಸದನ್ನು ಕಟ್ಟುವ ಗೌಂಡಿಗಳೂ ಅದರೊಳಗೆ ಹಗಲಿರುಳು ದುಡಿಯುತ್ತಿರುತ್ತಾರೆ. ಮೂವತ್ತರ ತನಕ ಕಟ್ಟುವವರ ಕೈ ಮೇಲು. ಆಮೇಲೆ ಕೆಡಹುವವರು ಮೆಲ್ಲಗೆ ಮುಂದಾಗುತ್ತಾರೆ. ಸ್ತ್ರೀಯರಲ್ಲಿ ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಅವರ ಓಟ ಬಹಳ ಜೋರು. ಗೌಂಡಿಗಳನ್ನು ಎಬ್ಬಿಸುವ ಕೂಗು ಯಾವುದು? ಭಾರ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿಯೇ ಬರೆದನು. ಭಾರವೇ ಇಲ್ಲದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವ ಯಾತ್ರಿಕರ ಸೊಂಟ, ಬೆನ್ನುಗಳ ಎಲುಬು ತಿಂಗಳಿಗೆ ನೂರಕ್ಕೆ ಒಂದು ಒಂದೂವರೆ ಪಾಲಿನಂತೆ ಕರಗುತ್ತದೆ. ನಮ್ಮ ಅವ್ವನ ಸೋಫಾ ಅಂತರಿಕ್ಷದ ತಂಗಿಯೇ ಸರಿ.

ಹಾಗಾದರೆ ಯಾವ ವ್ಯಾಯಾಮವಾದರೂ ಆದೀತೇ? ಆಗದು. ಇಲ್ಲಿಯೇ ಎಚ್ಚರ ಬೇಕು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಸಿನಾಕಿ ಮತ್ತು ಮಿಕ್ಕೆಲ್ಸನ್ ಎಂಬಿಬ್ಬರು, ಬೆನ್ನೆಲುಬು ಟೊಳ್ಳಾಗಿದ್ದ 59 ಸ್ತ್ರೀಯರನ್ನು ಗಮನಿಸಿ 1984ರಲ್ಲಿ ಒಂದು ವರದಿ ಪ್ರಕಟಿಸಿದರು. ಬೆನ್ನನ್ನು ಹಿಂದಕ್ಕೆ ನೆಟ್ಟಗೆ ಮಾಡುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 16 ಜನರಿಗೆ ಹೊಸದಾಗಿ ಮಣಿ ಕುಸಿದಿತ್ತು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 89 ಜನರಿಗೆ! ಅಧ್ಯಯನ ಚಿಕ್ಕದು, ನಿಜ. ಆದರೂ ಅದು ಕಲಿಸಿದ ಪಾಠವನ್ನು ನಮ್ಮ ವೃತ್ತಿಯವರು ಇಂದಿಗೂ ಮರೆತಿಲ್ಲ. ಬೆನ್ನು ಕಮಾನಿನಂತೆ ಬಾಗಿದಾಗ ಮಣಿಗಳ ಮುಂದಿನ ಅಂಚಿನ ಮೇಲೆ ಒತ್ತಡವೆಲ್ಲ ಬೀಳುತ್ತದೆ. ಟೊಳ್ಳು ಮಣಿ ಅಲ್ಲಿಯೇ ಕುಸಿಯುತ್ತದೆ.

ಈಗ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಮೋಟು ಪೊರಕೆಯಿಂದ ಗುಡಿಸುವುದು, ಬಾಗಿ ರಂಗೋಲಿ ಹಾಕುವುದು, ನೆಲ ಒರೆಸುವುದು, ಬಕೆಟ್ಟು ಎತ್ತುವುದು, ಮೊಮ್ಮಗನನ್ನು ಬಗ್ಗಿ ಎತ್ತಿಕೊಳ್ಳುವುದು, ಎಲ್ಲವೂ ಮುಂದಕ್ಕೆ ಬಾಗುವ ಕೆಲಸಗಳೇ. ಉದ್ದ ಹಿಡಿಯ ಪೊರಕೆ ಕೊಳ್ಳಿರಿ. ರಂಗೋಲಿಗೆ ತಗ್ಗಿನ ಮಣೆಯ ಮೇಲೆ ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳಿರಿ. ಬಕೆಟ್ಟಿಗೆ ಬದಲು ಚೊಂಬಿನಿಂದ ನೀರು ತುಂಬಿಕೊಳ್ಳಿರಿ. ಕೆಳಗಿನ ವಸ್ತುವನ್ನು ಎತ್ತುವಾಗ ಬೆನ್ನು ಬಾಗಿಸದೆ ಮೊಣಕಾಲು, ಸೊಂಟಗಳನ್ನು ಮಡಿಸಿ, ವಸ್ತುವನ್ನು ಮೈಗೆ ಹತ್ತಿರ ಹಿಡಿದು ಏಳಿರಿ. ಮೊಮ್ಮಗ ತಾನೇ ಮಂಚ ಹತ್ತಿ ತೊಡೆಯ ಮೇಲೆ ಬರಲಿ, ಅವನಿಗೂ ವ್ಯಾಯಾಮವಾದೀತು.

ಸೂರ್ಯನಮಸ್ಕಾರದ ಮಾತೂ ಬರುತ್ತದೆ. ಔಂಧ ಸಂಸ್ಥಾನದ ಭವಾನರಾವ್ ಪಂತ ಪ್ರತಿನಿಧಿಗಳು ಅದನ್ನು ಊರೂರಿಗೆ ಹಬ್ಬಿಸಿದ ಪ್ರಾಂತವಿದು. ಅದರ ಮೇಲೆ ನನಗೆ ಗೌರವವುಂಟು. ಮಕ್ಕಳೂ ತರುಣಿಯರೂ ಅವಶ್ಯವಾಗಿ ಮಾಡಲಿ. ಬೆನ್ನೆಲುಬು ಟೊಳ್ಳಾದವರು ಮಾತ್ರ ಕಾಲ್ಬೆರಳು ಮುಟ್ಟುವ ಬಾಗುವಿಕೆ, ಪಶ್ಚಿಮೋತ್ತಾನಾಸನ, ಹಲಾಸನ, ಸರ್ವಾಂಗಾಸನ, ಶೀರ್ಷಾಸನ, ಸೊಂಟವನ್ನು ಜೋರಾಗಿ ತಿರುಚುವ ಆಸನಗಳು, ಇವನ್ನು ಬಿಡತಕ್ಕದ್ದು.

ಬಿಡಬೇಕಾದುದನ್ನು ಬಿಟ್ಟರೆ ಉಳಿದುದೇನು ಎಂದು ಕೇಳುವಿರಿ. ಇಲ್ಲಿ ನಮ್ಮ ನಾಡಿನವರೇ ಒಬ್ಬರ ನೆನಪು ಮಾಡಿಕೊಳ್ಳಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯ, ವಿಷಮಜ್ವರ, ಕ್ಷಯ ಎಂದು ಒಂದಾದ ಮೇಲೊಂದು ಕಾಯಿಲೆಯಿಂದ ಬಳಲಿದವರು. ಮೈಸೂರಿನಲ್ಲಿ ಯೋಗ ಕಲಿತು 1937ರಲ್ಲಿ, ಹದಿನೆಂಟರ ಹರೆಯದಲ್ಲಿ, ಮರಾಠಿಯ ಗಂಧವಿಲ್ಲದೆ ಈ ಪುಣೆಗೆ ಬಂದರು. ಆರು ತಿಂಗಳ ಕೆಲಸಕ್ಕೆಂದು ಬಂದವರು 2014ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಶಿವಾಜಿನಗರದಲ್ಲಿ 1975ರಲ್ಲಿ ಅವರು ತೆರೆದ, ಪತ್ನಿ ರಮಾಮಣಿಯವರ ಹೆಸರಿನ ಸಂಸ್ಥೆಗೆ ಇಂದಿಗೂ ದೇಶವಿದೇಶಗಳಿಂದ ಜನ ಬರುತ್ತಾರೆ. ಅವರು ಎಲುಬಿನ ವೈದ್ಯರಲ್ಲ. ಅವರ ಆಸನಗಳನ್ನೆಲ್ಲ ನಾವು ಮಾಡಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಮೈ ಬಾಗದವರಿಗೆ, ಮುದುಕರಿಗೆ, ರೋಗಿಗಳಿಗೆ "ನಿನ್ನಿಂದಾಗದು, ಹೋಗು" ಎನ್ನದೆ, ಗೋಡೆ, ಕುರ್ಚಿ, ಹಗ್ಗ, ಮರದ ಇಟ್ಟಿಗೆ, ದಿಂಬುಗಳನ್ನು ಆಸರೆಯಾಗಿ ಕೊಟ್ಟು ಅವರನ್ನು ನಿಲ್ಲಿಸಿದ್ದು ಅವರ ದೊಡ್ಡ ಕೆಲಸ. 1979ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತವಾಗಿ ಬೆನ್ನಿಗೆ ಪೆಟ್ಟು ಬಿದ್ದಾಗಲೂ ಅವರು ಅಭ್ಯಾಸವನ್ನು ಬಿಡಲಿಲ್ಲ. ಆಸರೆ ಬೇರೆ, ವಿಶ್ರಾಂತಿ ಬೇರೆ ಎಂಬ ಈ ವಿವೇಕ ನಮ್ಮ ಮನೆಗೆ ಕೆಲವೇ ಮೈಲು ದೂರದಲ್ಲಿತ್ತು. ಅವ್ವನ ಕಾಲದಲ್ಲಿ ನನಗೆ ಅದು ಹೊಳೆಯಲಿಲ್ಲ.

ಮನೆಯಲ್ಲಿ ಮಾಡತಕ್ಕ ಐದು ಅಭ್ಯಾಸಗಳನ್ನು ಹೇಳುತ್ತೇನೆ. ಈಗಾಗಲೇ ಎಲುಬು ಮುರಿದವರು, ಹೃದಯದ ಕಾಯಿಲೆಯವರು, ತಲೆ ಸುತ್ತುವವರು ಮೊದಲು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಒಂದು: ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಲ್ಲಿ ಕುಳಿತು, ಆದಷ್ಟು ಕೈಯೂರದೆ ಎದ್ದು ನಿಂತು, ಮೆಲ್ಲಗೆ ಮತ್ತೆ ಕುಳಿತುಕೊಳ್ಳುವುದು. ಎಂಟು ಹತ್ತು ಸಲ. ಸ್ವಲ್ಪ ದಣಿವಾರಿಸಿಕೊಂಡು ಮತ್ತೊಮ್ಮೆ. ನಮ್ಮ ಅವ್ವನಿಗೆ ಇದೊಂದನ್ನು ಮಾಡಿಸಿದ್ದರೂ ಸಾಕಿತ್ತು.

ಎರಡು: ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿಗಳನ್ನು ಎತ್ತಿ ಇಳಿಸುವುದು. ಹಾಲು ಕಾಯುವ ತನಕ ಮಾಡಬಹುದು.

ಮೂರು: ಗೋಡೆಗೆ ಒಂದು ಮೊಳ ದೂರ ನಿಂತು, ಅಂಗೈಗಳನ್ನು ಗೋಡೆಗೆ ಒತ್ತಿ, ಮೊಣಕೈ ಮಡಿಸಿ ಮೈಯನ್ನು ಹತ್ತಿರ ತಂದು ಮತ್ತೆ ದೂರ ತಳ್ಳುವುದು. ಇದರಿಂದ ಮಣಿಕಟ್ಟಿಗೂ ಭುಜಕ್ಕೂ ಬಲ.

ನಾಲ್ಕು: ಗೋಡೆಗೆ ಬೆನ್ನು ಕೊಟ್ಟು ನಿಂತು, ಗಲ್ಲವನ್ನು ಎತ್ತದೆ, ತಲೆ ಮತ್ತು ಹೆಗಲುಗಳನ್ನು ಗೋಡೆಯ ಕಡೆಗೆ ಒತ್ತುವುದು. ಐದು ಎಣಿಸಿ ಬಿಡಬೇಕು, ಉಸಿರು ಹಿಡಿಯಕೂಡದು. ಗೂನುಬೆನ್ನಿಗೆ ಇದೇ ಮದ್ದು.

ಐದು: ಕಟ್ಟೆಯ ಪಕ್ಕದಲ್ಲಿ, ಒಂದು ಪಾದದ ಮುಂದೆ ಇನ್ನೊಂದನ್ನು ಸಾಲಾಗಿಟ್ಟು ಸಮತೋಲದಿಂದ ಹತ್ತು ಎಣಿಸುವ ತನಕ ನಿಲ್ಲುವುದು. ಇದನ್ನು ದಿನವೂ ಮಾಡಬೇಕು. ಸೊಂಟದ ಎಲುಬು ಬಹುಪಾಲು ಮುರಿಯುವುದು ಬಿದ್ದಾಗಲೇ.

ಮೊದಲ ನಾಲ್ಕನ್ನು ವಾರಕ್ಕೆ ಎರಡು ಮೂರು ದಿನ ಮಾಡಿದರೆ ಸಾಕು. ಸುಲಭವೆನಿಸಿದಾಗ ಭಾರ ಹೆಚ್ಚಿಸಬೇಕು. ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋ ತೂಗುತ್ತದೆ, ಅದನ್ನೇ ಕೈಯಲ್ಲಿ ಹಿಡಿಯಿರಿ. ಆಸ್ಟ್ರೇಲಿಯದಲ್ಲಿ ಎಲುಬಿನ ಸಾಂದ್ರತೆ ಕುಂದಿದ್ದ ನೂರೊಂದು ಸ್ತ್ರೀಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡು ಬಾರಿ ಅರ್ಧ ಗಂಟೆಯಂತೆ ಎಂಟು ತಿಂಗಳು ಭಾರ ಎತ್ತಿದವರ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ ಸುಮಾರು 3ರಷ್ಟು ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಒಂದಿಷ್ಟು ಇಳಿಯಿತು. ಆದರೆ ಅವರು ಎತ್ತಿದ್ದು ಬಲು ಭಾರ, ಪ್ರತಿ ಸಲವೂ ಬಲ್ಲವರ ಕಣ್ಣೆದುರಿಗೆ. ಅದನ್ನು ಓದಿ ಮನೆಯಲ್ಲಿ ಒಬ್ಬರೇ ಅಕ್ಕಿ ಮೂಟೆಗೆ ಕೈ ಹಾಕಬೇಡಿ!

ನಡಿಗೆಯನ್ನು ಮರೆಯಲಾಗದು. ಮಳೆಗಾಲ ಮುಗಿದು ಪುಣೆಯ ಹವೆ ಹಿತವಾಗಿದೆ. ಸಾರಸಬಾಗಿನಲ್ಲಿಯೋ ತಮ್ಮ ಸೊಸೈಟಿಯ ಅಂಗಳದಲ್ಲಿಯೋ ಚುರುಕಾಗಿ ನಡೆಯಿರಿ. ಪರ್ವತಿಯ ಮೆಟ್ಟಿಲು, ವೇತಾಳ ಟೇಕಡಿಯ ಜಲ್ಲಿದಾರಿಗಳು ಕಾಲು ಗಟ್ಟಿಯಾದವರಿಗೆ; ಇಳಿಯುವಾಗ ಕೋಲಿರಲಿ. ಮನೆಯಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರುವ ಕಾಲೊರಸು ತೆಗೆಯಿರಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ವ್ಯಾಯಾಮದ ನಡುವೆ ಬೆನ್ನಿನಲ್ಲಿ ಥಟ್ಟನೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು.

ಗೌಂಡಿಗಳಿಗೆ ಇಟ್ಟಿಗೆಯೂ ಬೇಕಷ್ಟೆ. ಮುಟ್ಟು ನಿಂತ ಸ್ತ್ರೀಯರಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದ ಸತ್ವ ಬೇಕೆಂದು ನಮ್ಮ ದೇಶದ ಪೋಷಣ ತಜ್ಞರು 2020ರಲ್ಲಿ ಹೇಳಿದ್ದಾರೆ. ನಮ್ಮ ರಾಗಿಯ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಉಂಟು. ಹಾಲು, ಮೊಸರು, ಎಳ್ಳು, ಸೊಪ್ಪು ಉಳಿದುದನ್ನು ತುಂಬಲಿ. ಬಿಸಿಲು ಕಾಣದ ಫ್ಲಾಟಿನ ಬದುಕಿನಲ್ಲಿ ಡಿ ಜೀವಸತ್ವ ಬಹಳ ಜನರಿಗೆ ಕಡಿಮೆ, ಪರೀಕ್ಷಿಸಿಕೊಳ್ಳಿರಿ. ವೈದ್ಯರು ಔಷಧ ಬರೆದಿದ್ದರೆ, ವ್ಯಾಯಾಮ ಮಾಡುತ್ತೇನಲ್ಲ ಎಂದು ಅದನ್ನು ಬಿಡಬೇಡಿ. ಎರಡೂ ಬೇಕು.

ನನ್ನ ಎಲುಬೂ ಟೊಳ್ಳಾಗಿದೆ ಎಂದು ಆರು ವರ್ಷಗಳ ಹಿಂದೆ ಪರೀಕ್ಷೆಯಲ್ಲಿ ತಿಳಿಯಿತು. ನನ್ನ ಮಗಳು ಗಾಬರಿಯಿಂದ, "ಅಮ್ಮಾ, ನೀನಿನ್ನು ಏನೂ ಮಾಡಬೇಡ" ಎಂದಳು. ನಾನು ಅಂದು ಆಡಿದ ಮಾತೇ! ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕುರ್ಚಿಯಿಂದ ಹತ್ತು ಸಲ ಎದ್ದು ತೋರಿಸಿದೆ. ಊರಿನಿಂದ ತಂದೆತಾಯಂದಿರನ್ನು ಕರೆತಂದು ಇಟ್ಟುಕೊಂಡಿರುವವರು ಈ ಸಭೆಯಲ್ಲಿ ಅನೇಕರಿದ್ದೀರಿ. ಅವರಿಗೆ ಸೋಫಾ ಕೊಡಿಸಿದ್ದೀರಿ, ಸಂತೋಷ. ದಿನಕ್ಕೆ ಅರ್ಧ ಗಂಟೆ ತಮ್ಮ ತೋಳನ್ನೂ ಕೊಡಿರಿ. ಕೆಳಗಿಳಿಸಿ ನಡೆದಾಡಿಸಿ, ಜೊತೆಗೆ ಕನ್ನಡದಲ್ಲಿ ನಾಲ್ಕು ಮಾತಾಡಿ.

ಇನ್ನೇನು ನಾಡಗೀತೆ ಆರಂಭವಾಗುತ್ತದೆ, ಎಲ್ಲರೂ ಏಳಲೇಬೇಕು. ನನ್ನದೊಂದು ಬಿನ್ನಹ: ಆಗುವವರು ಕುರ್ಚಿಗೆ ಕೈಯೂರದೆ, ಬೆನ್ನು ನೆಟ್ಟಗೆ ಮಾಡಿ ಏಳಿರಿ. ಆಗದವರು ಪಕ್ಕದವರ ತೋಳು ಹಿಡಿದು ಏಳಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ.