ಮುಚ್ಚಿದ ಗಣಿ, ಮುಚ್ಚಿದ ಮಿಲ್ಲು: ನೆಲ ಯಾರಿಗೆ, ವಿಷ ಯಾರಿಗೆ?

(ನಿಂಬರ್ಗಾದಲ್ಲಿ ಮಾಡಿದ ಭಾಷಣ)



ಕಲಬುರ್ಗಿಯ ಎಂ.ಎಸ್.ಕೆ. ಮಿಲ್ಲು ನಿಮಗೆಲ್ಲ ಗೊತ್ತು. ಮಿಲ್ಲು ನಿಂತುಹೋಯಿತು, ಬಡಾವಣೆಗೆ ಹೆಸರು ಉಳಿಯಿತು. ಯಾವ ಕಾರಖಾನೆಯೇ ಆಗಲಿ, ಬೀಗ ಬಿದ್ದ ಮೇಲೆ ಯಂತ್ರ ಗುಜರಿಗೆ ಹೋಗುತ್ತದೆ, ಕೂಲಿಕಾರ ಬೇರೆ ಊರಿಗೆ ಹೋಗುತ್ತಾನೆ, ನೆಲ ಅಲ್ಲೇ ಇರುತ್ತದೆ. ಆ ನೆಲದ ಬೆಲೆ ಕೇಳುವವರು ಬಹಳ. ಅದರೊಳಗೆ ಏನು ಇಳಿದಿದೆ ಎಂದು ಕೇಳುವವರು ಕಡಿಮೆ.

ಕೋಲಾರದ ಚಿನ್ನದ ಗಣಿಯನ್ನೇ ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1956ರಲ್ಲಿ ಗಣಿ ಮೈಸೂರು ಸರಕಾರದ್ದಾಯಿತು, 1962ರಲ್ಲಿ ಕೇಂದ್ರದ್ದಾಯಿತು, 2001ರ ಫೆಬ್ರುವರಿ 28ರಂದು ಮುಚ್ಚಿತು. ಹೊರಗೆ ಹೋದ ಚಿನ್ನ ಸುಮಾರು 800 ಟನ್. ಊರಿಗೆ ಉಳಿದದ್ದು ಮೂರು ಕೋಟಿ ಟನ್ನಿಗೂ ಮೀರಿದ ದಿಬ್ಬಗಳು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ರಾಡಿ ಅದು. ಸೈನೈಡು ಬಿಸಿಲಿಗೆ ಮೆಲ್ಲಗೆ ಒಡೆದು ಹೋಗುತ್ತದೆ. ಆದರೆ ನುಣ್ಣನೆಯ ಕಲ್ಲಿನ ಧೂಳು ಹೋಗುವುದಿಲ್ಲ. ಬೇಸಿಗೆಯ ಗಾಳಿಗೆ ಎದ್ದು ಕಾರ್ಮಿಕರ ಲೈನು ಮನೆಗಳ ಮೇಲೆ ಬೀಳುತ್ತದೆ. ಗಣಿಯೊಳಗೆ ಅದೇ ಧೂಳು ಎಷ್ಟೋ ಕೂಲಿಕಾರರ ಪುಪ್ಪುಸ ತಿಂದಿತು.

ಈಗ ಆ ದಿಬ್ಬಕ್ಕೂ ಗಿರಾಕಿ ಇದ್ದಾರೆ, ಅದರಲ್ಲಿ ಇನ್ನೂ ಚೂರು ಚಿನ್ನವಿದೆಯಲ್ಲ! 2024ರ ಜೂನಿನಲ್ಲಿ 13 ದಿಬ್ಬಗಳ 1003.4 ಎಕರೆಯಲ್ಲಿ ಗಣಿಗಾರಿಕೆಗೆ ರಾಜ್ಯದ ಮಂತ್ರಿಮಂಡಲ ಒಪ್ಪಿತು. ನಾವು ಇದನ್ನು ಬೇಡವೆನ್ನುವುದಿಲ್ಲ. ದಿಬ್ಬ ಕರಗಿದರೆ ಒಳ್ಳೆಯದೇ. ಆದರೆ ಚಿನ್ನ ತೆಗೆದ ಮೇಲೂ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ. ಅದನ್ನು ಎಲ್ಲಿ ಹಾಕುತ್ತೀರಿ, ಧೂಳೇಳದಂತೆ ಹೇಗೆ ಮುಚ್ಚುತ್ತೀರಿ, ಅದಕ್ಕೆ ಹಣ ಮೊದಲೇ ಠೇವಣಿ ಇಡುತ್ತೀರೋ? ಹರಾಜಿನ ಕಾಗದದಲ್ಲಿ ಇದು ಇರಬೇಕು.

ಅಮೆರಿಕದ ಲವ್ ಕೆನಾಲಿನಲ್ಲಿ ಹುಕರ್ ಎಂಬ ಕಂಪನಿ ರಸಾಯನದ ಕಸ ಹೂತು, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದೇ ಡಾಲರಿಗೆ ಮಾರಿತು. ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಎಂದು ಪತ್ರದಲ್ಲೇ ಬರೆಸಿತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. 1978ರಲ್ಲಿ ಜನ ಊರು ಬಿಡಬೇಕಾಯಿತು. ಅಷ್ಟಾದ ಮೇಲೆ 1980ರಲ್ಲಿ ಕೊಳೆ ಮಾಡಿದವನಿಂದಲೇ ವಸೂಲು ಮಾಡುವ ಕಾನೂನು ಬಂತು. ನಮ್ಮಲ್ಲಿಯೂ 1996ರಲ್ಲಿ, ರಾಜಸ್ಥಾನದ ಬಿಚ್ಛಡಿ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಇದೇ ಮಾತು ಹೇಳಿದೆ. ಮಲಿನ ಜಾಗಗಳನ್ನು ಗುರುತಿಸಿ ಶುದ್ಧ ಮಾಡಿಸುವ ಕೇಂದ್ರದ ನಿಯಮಗಳು ಬಂದದ್ದು 2025ರಲ್ಲಿ. ಮೂವತ್ತು ವರ್ಷ ಹಿಡಿಯಿತೆಂದರೆ ಅವಸರ ಯಾರಿಗಿರಲಿಲ್ಲ ಎಂಬುದು ತಿಳಿಯುತ್ತದೆ.

ಇನ್ನು ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ಹಳೆಯ ಕಾರಖಾನೆಯ ಜಾಗದಲ್ಲಿ ಪ್ಲಾಟು ಅಗ್ಗಕ್ಕೆ ಸಿಕ್ಕರೆ ಪಹಣಿ ನೋಡಿದರೆ ಸಾಲದು. ಅಲ್ಲಿ ಬಣ್ಣದ ಕೆಲಸ ನಡೆದಿತ್ತೋ, ಚರ್ಮ ಹದ ಮಾಡುತ್ತಿದ್ದರೋ, ಎಣ್ಣೆಯ ಟಾಕಿ ಎಲ್ಲಿತ್ತು, ಹೊಲಸು ನೀರು ಯಾವ ಕಡೆ ಹರಿಯುತ್ತಿತ್ತು? ಇದನ್ನು ಅಲ್ಲಿ ದುಡಿದ ಹಳೆಯ ಕೂಲಿಕಾರನನ್ನು ಕೇಳಿರಿ. ಅವನಿಗೆ ಗೊತ್ತಿದ್ದಷ್ಟು ದಫ್ತರಕ್ಕೆ ಗೊತ್ತಿರುವುದಿಲ್ಲ. ಬಾವಿ ನೀರು, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿರಿ. ಶುದ್ಧ ಮಾಡುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ, ಇಲ್ಲವೆ ಮಾರುವವನಿಂದಲೇ ಮಾಡಿಸಿರಿ. ಒಪ್ಪದಿದ್ದರೆ ಸಂಚಕಾರ ಕೊಡಬೇಡಿರಿ.